ಬಂದ ಜೇನಿಗೆ ಮಾತ್ರ ವಿಚಾರಣೆ

ನಮ್ಮ ಭಾವ ಬದುಕಿರುವಾಗಲೇ ಅವರ ಮನೆ ಮುಂದೆ ಶವಪೆಟ್ಟಿಗೆ ಬಂದು ನಿಂತಿತ್ತು ಎಂದರೆ ಯಾರೂ ನಂಬುವುದಿಲ್ಲ. ನಂಬಿಸಲು ನಾನು ಹೋಗುವುದೂ ಇಲ್ಲ. ಆ ದಿನ ಕಾಲು ಉಳುಕಿಸಿಕೊಂಡು ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಬಿದ್ದುಕೊಂಡಿದ್ದವನು ನಾನು. ಎದ್ದು ಓಡುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ಎಲ್ಲವನ್ನೂ ಕಣ್ಣಾರೆ ಕಂಡೆ. ಓಡುವಂತಿದ್ದರೆ ಖಂಡಿತ ಓಡುತ್ತಿದ್ದೆ, ನಿಮಗೆ ಈ ಕಥೆ ತಪ್ಪುತ್ತಿತ್ತು.

ಭಾವ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ನಿವೃತ್ತರಾದವರು. ಅಲ್ಲಿ ವಿಚಾರಣೆಗೆ ಎರಡು ಕಿಟಕಿ. ಒಂದು ಬರುವ ಬಸ್ಸುಗಳದ್ದು, ಇನ್ನೊಂದು ಹೊರಡುವ ಬಸ್ಸುಗಳದ್ದು. ಭಾವ ಬರುವ ಬಸ್ಸುಗಳ ಕಿಟಕಿಯವರು. ಕೆಲಸಕ್ಕೆ ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಒಂದೇ ಒಂದು ಬಸ್ಸು ಹೊರಟಿತೆಂಬುದನ್ನು ಅವರು ಒಪ್ಪಿಕೊಂಡವರಲ್ಲ. ಬೆನ್ನ ಹಿಂದೆಯೇ ಬಸ್ಸು ಹಾರ್ನ್ ಹೊಡೆದುಕೊಂಡು ಹೊರಡುತ್ತಿದ್ದರೂ "ಅದು ಪಕ್ಕದ ಕಿಟಕಿ" ಎನ್ನುತ್ತಿದ್ದರು. ಎಷ್ಟೋ ಜನ ಇದರಿಂದ ಬಸ್ಸು ತಪ್ಪಿಸಿಕೊಂಡರು. ಭಾವನ ಸೇವಾ ದಾಖಲೆಗೆ ಮಾತ್ರ ಒಂದು ಚುಕ್ಕೆ ಬೀಳಲಿಲ್ಲ.

ನಿವೃತ್ತರಾದ ಮಾರನೆಯ ದಿನವೇ ಅವರು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಹಾಲು ಉಕ್ಕುವ ಮುಂಚೆ "ಹಾಲು ಬರ್ತಾ ಇದೆ" ಎಂದು ತಿಳಿಸಿದರು. ಕುಕ್ಕರಿನ ಒಂದನೇ ಸೀಟಿ ಬಂತು, ಎರಡನೆಯದು ನಿರೀಕ್ಷೆಯಲ್ಲಿದೆ ಎಂದರು. ಆ ಹೊತ್ತಿಗೆ ಅಕ್ಕ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಗಳನ್ನು ಹಾಕಿಸಿ, ಬೀದಿಯ ಕೆಲವು ಹೆಂಗಸರನ್ನು ಕೂಡಿಸಿಕೊಂಡು, ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಶುರು ಮಾಡಿದ್ದಳು. ಎಷ್ಟೋ ವರ್ಷ ಕನಸು ಕಂಡು ಕೊನೆಗೂ ಕೈಗೂಡಿಸಿಕೊಂಡ ಕೆಲಸ. ಭಾವ ಅಲ್ಲಿಗೂ ಹೋದರು. "ತೋಳು ಬಂತು, ಕಾಲರ್ ಇನ್ನೂ ಬಂದಿಲ್ಲ" ಎಂದು ಯಂತ್ರಗಳ ನಡುವೆ ಓಡಾಡಿದರು. ಒಬ್ಬಾಕೆ ಬಟ್ಟೆಯ ಜೊತೆ ಬೆರಳನ್ನೂ ಹೊಲಿದುಕೊಂಡಳು. ಇನ್ನಿಬ್ಬರು "ಯಜಮಾನರಿಗೆ ಬೇರೆ ಕೆಲಸ ಸಿಕ್ಕಿದ ಮೇಲೆ ಹೇಳಿ ಕಳಿಸಿ ಅಕ್ಕಾ" ಎಂದು ಮನೆಗೆ ಹೋದರು.

ಆಗ ಅಕ್ಕನ ಕೈ ಹಿಡಿದದ್ದು ಜೇನು ಸಾಕುವವರ ಸಂಘ. ಹೂವಿನ ಕಾಲದಲ್ಲಿ ಗೂಡು ಒಡೆದು ಅರ್ಧ ಹುಳುಗಳು ಹಳೆಯ ರಾಣಿಯ ಜೊತೆ ಹೊಸ ಮನೆ ಹುಡುಕಿಕೊಂಡು ಹೊರಡುತ್ತವೆ. ದಾರಿಯಲ್ಲಿ ಎಲ್ಲೋ ಗೊಂಚಲಾಗಿ ಕೂರುತ್ತವೆ. ಜನ ಹೌಹಾರಿ ಔಷಧಿ ಹೊಡೆಯುತ್ತಾರೆ. ಹಾಗೆ ಮಾಡಬೇಡಿ, ಫೋನು ಮಾಡಿ, ನಾವೇ ಬಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುತ್ತೇವೆ ಎಂದು ಸಂಘದವರು ಊರಿಗೆಲ್ಲ ಸಾರಿದ್ದರು. ತೊಂದರೆ ಏನೆಂದರೆ, ಫೋನು ಬಂದಾಗ ಅವರ ಕೈ ಗೂಡಿನೊಳಗೆ ಇರುತ್ತಿತ್ತು. ಕೈಗವಸು ತೆಗೆದರೆ ಹುಳು ಕಚ್ಚುತ್ತದೆ, ತೆಗೆಯದಿದ್ದರೆ ಫೋನಿನ ಗುಂಡಿ ಒತ್ತಲಾಗುವುದಿಲ್ಲ. ಒಂದೇ ಕಡೆ ಕೂತು ಫೋನು ಎತ್ತಿ, ಯಾರ ಸರದಿಯೋ ಅವರನ್ನು ಜೇನಿದ್ದಲ್ಲಿಗೆ ಕಳಿಸುವ ಒಬ್ಬ ಮನುಷ್ಯ ಬೇಕಾಗಿತ್ತು.

ಅಕ್ಕ ಭಾವನನ್ನು ಕರೆದುಕೊಂಡು ಹೋಗಿ ಸಂಘದ ಅಧ್ಯಕ್ಷರ ಮುಂದೆ ನಿಲ್ಲಿಸಿದಳು.

"ಇವರಷ್ಟು ಅಲ್ಲಾಡದೆ ಕೂರೋರು ನಿಮಗೆ ಇನ್ನೆಲ್ಲೂ ಸಿಗಲ್ಲ" ಎಂದಳು.

ಅಧ್ಯಕ್ಷರು ವೃತ್ತಿಯಲ್ಲಿ ಬಡಗಿ. ಅವರ ಅಂಗಡಿಯಲ್ಲಿ ಎರಡೇ ಬಗೆಯ ಮಾಲು, ಜೇನುಪೆಟ್ಟಿಗೆ ಮತ್ತು ಶವಪೆಟ್ಟಿಗೆ. "ಹಲಗೆ ಅದೇ, ಅಳತೆ ಬೇರೆ. ಒಂದರೊಳಗೆ ಹೋದೋರು ಗುಂಯ್ ಅಂತಾರೆ, ಇನ್ನೊಂದರೊಳಗೆ ಹೋದೋರು ಸುಮ್ಮನಿರ್ತಾರೆ" ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು. ಮರವನ್ನು ನೋಡುವ ಹಾಗೆಯೇ ಭಾವನನ್ನೂ ಮೇಲಿಂದ ಕೆಳಗೆ ನೋಡಿ ಒಪ್ಪಿಕೊಂಡರು.

ಹೀಗೆ ಫೋನು ಭಾವನ ಮುಂದೆ ಬಂತು. ಮನೆಯ ಗೇಟಿಗೆ "ಜೇನು ನಿಯಂತ್ರಣಾಧಿಕಾರಿ" ಎಂಬ ಫಲಕ ಬಂತು. ಈ ಹುದ್ದೆಯನ್ನು ಅವರಿಗೆ ಕೊಟ್ಟವರು ಅವರೇ. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಫಲಕ ಓದಿ, "ಹುಳುಗಳನ್ನ ಬರಿಗೈಲಿ ಹಿಡೀತೀರಾ?" ಎಂದು ಕೇಳಿದಾಗ ಭಾವ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಕಣ್ಣು ಅರ್ಧ ಮುಚ್ಚಿ ದೂರ ನೋಡಿದರು. ಹೆಡ್‌ಮಾಸ್ಟರು ಬೆಚ್ಚಿಬಿದ್ದು ಕೈಮುಗಿದರು. ನನಗೆ ತಿಳಿದ ಮಟ್ಟಿಗೆ ಭಾವ ಜೇನುಹುಳುವನ್ನು ಕಂಡದ್ದು ಔಷಧದ ಬಾಟಲಿಯ ಮೇಲಿನ ಚಿತ್ರದಲ್ಲಿ.

ಆದರೂ ಅಕ್ಕ ಬಚಾವಾದಳು. ಭಾವ ಮುಂದಿನ ಕೋಣೆ ಬಿಟ್ಟು ಏಳುತ್ತಿರಲಿಲ್ಲ. ಬಿಟ್ಟುಹೋದ ಹೆಂಗಸರು ಮರಳಿ ಬಂದರು. ಯಂತ್ರಗಳು ಓಡತೊಡಗಿದವು.

ಅಷ್ಟರಲ್ಲಿ ಭಾವ ಸಂಘದ ಸದಸ್ಯರಾದ ಹಲ್ಲಿನ ಡಾಕ್ಟರನ್ನು ಎತ್ತರದ ನೀರಿನ ಟ್ಯಾಂಕಿನ ಮೇಲಕ್ಕೆ ಹತ್ತಿಸಿಬಿಟ್ಟರು. ಅಲ್ಲಿ ಗೊಂಚಲಾಗಿ ನೇತಾಡುತ್ತಿದ್ದದ್ದು ಯಾರೋ ಒಣಗಲು ಹಾಕಿದ್ದ ಕಂಬಳಿ. ಡಾಕ್ಟರು ಇಳಿಯಲಾರದೆ ಮಧ್ಯಾಹ್ನದವರೆಗೆ ಅಲ್ಲೇ ಇದ್ದರು, ಕೆಳಗೆ ಅವರ ರೋಗಿಗಳು ಕೆನ್ನೆ ಹಿಡಿದುಕೊಂಡು ಕಾದರು. ಅಧ್ಯಕ್ಷರು ಮನೆಗೆ ಬಂದು, ಇನ್ನೊಂದು ಸಲ ಹೀಗಾದರೆ ಫೋನು ಹೆಡ್‌ಮಾಸ್ಟರಿಗೆ ಹೋಗುತ್ತದೆ ಎಂದು ಹೇಳಿ ಹೋದರು. ಭಾವನಿಗೆ ಏನೂ ಅನ್ನಿಸಲಿಲ್ಲ. ಬಣ್ಣಗೆಟ್ಟದ್ದು ಅಕ್ಕನ ಮುಖ.

"ಫೋನು ಹೋದ್ರೆ ಇವರು ವಾಪಸ್ ಬರ್ತಾರೆ ಕಣೋ" ಎಂದಳು ನನ್ನ ಹತ್ತಿರ, ಪಿಸುದನಿಯಲ್ಲಿ. "ಆ ಹೆಂಗಸರು ಇನ್ನೊಂದು ಸಲ ಹೋದ್ರೆ ಮತ್ತೆ ಬರಲ್ಲ. ನನ್ನ ಕೋಣೆಗೆ ಬೀಗ ಹಾಕ್ಬೇಕಾಗುತ್ತೆ."

ಆ ದಿನ ಬೆಳಿಗ್ಗೆ ಭಾವ ಅಡಿಗೆಮನೆಯ ಕಡೆ ಸುಮ್ಮನೆ ಹೋಗಿ ಇಣುಕಿದರು. ಅಕ್ಕ ಸೌಟು ಹಿಡಿದುಕೊಂಡೇ ಅವರನ್ನು ಹೊರಗೆ ಅಟ್ಟಿದಳು. ಅವರು ಬಂದು ಫೋನಿನ ಮುಂದೆ ಕೂತರು. ಕೂತ ಕೂಡಲೇ ಅದು ಬಡಿದುಕೊಂಡಿತು.

"ಜೇನು ನಿಯಂತ್ರಣ. ಎಲ್ಲಿ? ಎಷ್ಟು ದೊಡ್ಡದು? ನೇತಾಡ್ತಿದೆಯೋ, ಸಂದಿಗೆ ಹೋಗ್ತಿದೆಯೋ?"

ಮಾತಾಡಿದ್ದು ಕ್ಷೌರದ ಅಂಗಡಿಯವನು. ಅಂಗಡಿಯ ಹೊರಗಿನ ಕನ್ನಡಿಯ ಮೇಲೆ ಜೇನು ಬಂದು ಕೂತಿತ್ತು, ಒಬ್ಬ ಗಿರಾಕಿಯ ತಲೆಯಷ್ಟು ದಪ್ಪ. ಒಳಗಿದ್ದವನಿಗೆ ಅರ್ಧ ಮೀಸೆ ಮಾತ್ರ ತೆಗೆದಾಗಿತ್ತು. ಭಾವ ಸರದಿಯ ಪ್ರಕಾರ ಬೇಕರಿಯವರಿಗೆ ಫೋನು ಮಾಡಿದರು. ಬೇಕರಿಯವರು ರೊಟ್ಟಿ ಒಲೆಯಲ್ಲೇ ಬಿಟ್ಟು, ಪೆಟ್ಟಿಗೆ ಹೊತ್ತುಕೊಂಡು ಓಡಿದರು.

ಸ್ವಲ್ಪ ಹೊತ್ತಿಗೆ ಶಾಲೆಯ ಜವಾನನ ಫೋನು ಬಂತು. ಶಾಲೆಯ ಗಂಟೆಗೆ ಜೇನು ಮೆತ್ತಿಕೊಂಡಿದೆ, ಗಂಟೆ ಹೊಡೆಯಲಾಗುತ್ತಿಲ್ಲ, ಮೊದಲನೇ ಪಾಠವೇ ಮುಗಿಯುತ್ತಿಲ್ಲ, ಲೆಕ್ಕದ ಮೇಷ್ಟ್ರು ಮುಂದಿನ ತರಗತಿಯ ಲೆಕ್ಕ ಶುರು ಮಾಡಿದ್ದಾರೆ ಎಂದ. ಅಲ್ಲಿಗೆ ಹಲ್ಲಿನ ಡಾಕ್ಟರು ಹೊರಟರು.

ಆಮೇಲೆ ಕ್ಷೌರದವನೇ ಮತ್ತೆ ಫೋನು ಮಾಡಿದ.

"ಸಾರ್, ಆಗ್ಲೇ ಹೇಳಿದ್ನಲ್ಲ ಜೇನು, ಅದು ಹೊರಟೋಯ್ತು. ಶಾಲೆ ಕಡೆ ಹೋದ ಹಾಗಿತ್ತು. ಬೇಕರಿಯವ್ರು ಬಂದು ಬರಿ ಕನ್ನಡಿ ನೋಡ್ಕೊಂಡು ನಿಂತಿದಾರೆ."

"ಹೊರಟದ್ದರ ಬಗ್ಗೆ ಇಲ್ಲಿ ವಿಚಾರಣೆ ಇಲ್ಲ" ಎಂದರು ಭಾವ.

"ಅಲ್ಲ ಸಾರ್, ಅದೇ ಜೇನು—"

"ನೋಡಿ, ಇದು ಬಂದ ಜೇನಿನ ಫೋನು. ಬಂದಿದ್ದರೆ ಹೇಳಿ. ಹೊರಟಿದ್ದರೆ ಹೊರಟಲ್ಲೇ ಕೇಳಿ" ಎಂದು ಇಟ್ಟುಬಿಟ್ಟರು. ನನ್ನ ಕಡೆ ತಿರುಗಿ, "ನಮ್ಮ ಜನಕ್ಕೆ ಯಾವ ಕಿಟಕಿಯಲ್ಲಿ ಏನು ಕೇಳ್ಬೇಕು ಅಂತ ಇವತ್ತಿಗೂ ಗೊತ್ತಾಗಲಿಲ್ಲ" ಎಂದು ನೊಂದುಕೊಂಡರು.

ನಾನು ಬಾಯಿ ತೆರೆದೆ. ಭಾವ ಕೈಯೆತ್ತಿ ತಡೆದರು. ಅಕ್ಕನ ಮನೆಯಲ್ಲಿ ಉಂಡು ಮಲಗಿದವನಿಗೆ ಎಷ್ಟು ಬಾಯಿರುತ್ತದೋ ಅಷ್ಟನ್ನು ಮುಚ್ಚಿಕೊಂಡೆ.

ಹೀಗೆ ಹಳೆಯ ರಾಣಿಯೊಬ್ಬಳು ದೂರ ಹಾರಲಾರದೆ ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಾ ಊರಿನಲ್ಲಿ ಸಾಗುತ್ತಿದ್ದಳು. ಅವಳ ಹಿಂಡು ಕೂತ ಕಡೆಯಿಂದೆಲ್ಲ ನಮ್ಮ ಮನೆಗೆ ಫೋನು ಬರುತ್ತಿತ್ತು. ಬ್ಯಾಂಕಿನಿಂದ ಬಂತು. ಹಣ ಕಟ್ಟುವ ಸಾಲಿನ ಕಬ್ಬಿಣದ ಸರಳಿಗೆ ಜೇನು ಕೂತು, ಸಾಲು ಎಂದೂ ಇಲ್ಲದಷ್ಟು ಬೇಗ ಕರಗಿತ್ತು. ಪೆಟ್ರೋಲ್ ಬಂಕಿನಿಂದ ಬಂತು. ಶಾಲೆಯಿಂದಲೂ ಬ್ಯಾಂಕಿನಿಂದಲೂ "ಹೊರಟಿತು" ಎಂಬ ಫೋನುಗಳೂ ಬಂದವು. ಭಾವ ಅವರನ್ನೆಲ್ಲ ಗದರಿಸಿ ಕಳಿಸಿದರು. ಅವರ ಲೆಕ್ಕದಲ್ಲಿ ಜೇನು ಬರುತ್ತಲೇ ಇತ್ತು, ಒಂದೂ ಹೊರಟಿರಲಿಲ್ಲ. ಮುಖದಲ್ಲಿ ದೊಡ್ಡ ಜಾತ್ರೆಯ ಹೊಣೆ ಹೊತ್ತವರ ಕಳೆ ಬಂದಿತ್ತು. ಇಂಥ ದಟ್ಟಣೆಯನ್ನು ಬಸ್ ನಿಲ್ದಾಣದಲ್ಲೂ ಕಂಡಿರಲಿಲ್ಲವಂತೆ.

ಆಗ ನಗರಸಭೆಯ ಆರೋಗ್ಯಾಧಿಕಾರಿ ಫೋನು ಮಾಡಿದರು.

"ಏನ್ರೀ ಇದು, ಎಲ್ಲಾ ಕಡೆಯಿಂದ ದೂರು. ಊರಲ್ಲಿ ಎಷ್ಟಿವೆ?"

"ಈವರೆಗೆ ಬಂದದ್ದು ನಾಲ್ಕು. ಹೊರಟದ್ದು ಸೊನ್ನೆ. ಇನ್ನೂ ಬರುವ ನಿರೀಕ್ಷೆ ಇದೆ" ಎಂದರು ಭಾವ.

"ಅಂದ್ರೆ... ಊರೊಳಗೆ ಸೇರ್ತಾ ಇವೆ ಅಂತೀರಾ?"

"ವಿಚಾರಣೆಯಲ್ಲಿ ಊಹೆಗೆ ಅವಕಾಶ ಇಲ್ಲ. ಬಂದದ್ದು ಬಂದಿದೆ."

ಆ ಕಡೆ ಕುರ್ಚಿ ಬಿದ್ದ ಸದ್ದು ನನಗೂ ಕೇಳಿಸಿತು. ಕೊಂಚ ಹೊತ್ತಿಗೆ ಧ್ವನಿವರ್ಧಕ ಕಟ್ಟಿದ ನಗರಸಭೆಯ ಜೀಪು ಬೀದಿಯಲ್ಲಿ ಹೋಯಿತು. ಜೇನುಹಿಂಡುಗಳು ಊರನ್ನು ಪ್ರವೇಶಿಸುತ್ತಿವೆ, ಹೊರಡುವ ಲಕ್ಷಣ ಇಲ್ಲ ಎಂದು ಅಧಿಕಾರಿಗಳು ದೃಢಪಡಿಸಿದ್ದಾರೆ, ಬಾಗಿಲು ಹಾಕಿಕೊಳ್ಳಿ ಎಂದು ಕೂಗಿತು. ತಾವು ಹೇಳಿದ್ದು ಸರ್ಕಾರದ ಬಾಯಿಂದ ಬಂದದ್ದನ್ನು ಕೇಳಿ ಭಾವ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಬೀದಿಯಲ್ಲಿ ಬಾಗಿಲುಗಳು ದಡದಡ ಮುಚ್ಚಿದವು. ಮುಚ್ಚಿದವರೆಲ್ಲ ಕಿಟಕಿ ತೆರೆದು ನಿಂತರು.

ಇತ್ತ ಬಡಗಿ ಅಧ್ಯಕ್ಷರ ಫೋನು.

"ಬಂಕಿಗೆ ನಾನೇ ಹೋಗ್ತೀನಿ. ಆದ್ರೆ ಪೆಟ್ಟಿಗೆ ಇಲ್ಲ. ಇದ್ದದ್ದನ್ನೆಲ್ಲ ಬೇಕರಿಯವ್ರು, ಡಾಕ್ಟ್ರು ತಗೊಂಡು ಹೋಗಿದಾರೆ."

"ಇನ್ನೂ ಬರಬಹುದು. ಅಂಗಡೀಲಿ ಇರೋದರಲ್ಲಿ ದೊಡ್ಡದು ಯಾವುದೋ ಅದನ್ನ ತನ್ನಿ" ಎಂದರು ಭಾವ.

ಆ ಕಡೆ ಹಲಗೆಗಳನ್ನು ಸರಿಸಿದ ಸದ್ದಾಯಿತು. "ದೊಡ್ಡದು ಒಂದಿದೆ" ಎಂದರು ಅಧ್ಯಕ್ಷರು.

ಅವರು ನೇರ ಮನುಷ್ಯ, ಕೆಲಸವೂ ಅಚ್ಚುಕಟ್ಟು. ಶವಪೆಟ್ಟಿಗೆಯ ಒಂದು ತುದಿಗೆ ಹುಳು ನುಗ್ಗುವಷ್ಟು ತೂತು ಕೊರೆದರು. ಹಳೆಯ ಗೂಡಿನ ವಾಸನೆ ಬರಲೆಂದು ಒಳಗೆಲ್ಲ ಜೇನುಮೇಣ ಉಜ್ಜಿದರು. ತಳ್ಳುಗಾಡಿಯ ಮೇಲಿಟ್ಟು ಬಂಕಿಗೆ ಹೋದರು. ಅಲ್ಲಿ ಜೇನು ಇರಲಿಲ್ಲ. ಮುಂದೆ ಎಲ್ಲಿಗೆಂದು ಕೇಳಲು ಗಾಡಿಯನ್ನು ನಮ್ಮ ಮನೆಗೇ ತಳ್ಳಿಕೊಂಡು ಬಂದರು.

ಬೀದಿಯ ಕಿಟಕಿಗಳಲ್ಲಿದ್ದ ಜನ ಕಂಡದ್ದು ಇಷ್ಟು. ಜೇನು ಬಂದಿದೆಯೆಂದು ಜೀಪು ಕೂಗಿತು. ಅದರ ಹಿಂದೆಯೇ ಶವಪೆಟ್ಟಿಗೆ ಬಂತು. ಜೇನು ನಿಯಂತ್ರಣಾಧಿಕಾರಿಯ ಗೇಟಿನ ಮುಂದೆ ನಿಂತಿತು. ಗಾಡಿ ತಳ್ಳಿದವರು ತಲೆ ತಗ್ಗಿಸಿ ಒಳಗೆ ಹೋದರು. ಅಧ್ಯಕ್ಷರು ತಲೆ ತಗ್ಗಿಸಿದ್ದು ಬಾಗಿಲು ಗಿಡ್ಡವಾದ್ದರಿಂದ.

ಬಾಗಿಲು ಹಾಕಿಕೊಂಡಿದ್ದವರೆಲ್ಲ ಹೊರಗೆ ಬಂದರು. ಸಾವಿನ ಮುಂದೆ ಜೇನಿಗೆ ಯಾರು ಹೆದರುತ್ತಾರೆ?

"ಬರಿಗೈಲಿ ಹಿಡೀತಿದ್ರು" ಎಂದರು ಹೆಡ್‌ಮಾಸ್ಟರು, ಎದೆಯ ಮೇಲೆ ಕೈಯಿಟ್ಟು. "ನಾನೇ ಕೇಳಿದ್ದೆ. ದೂರ ನೋಡಿದ್ರು ಅಷ್ಟೇ. ಆವತ್ತೇ ಅವರಿಗೆ ಗೊತ್ತಿತ್ತು ಅನ್ಸುತ್ತೆ."

"ಪೆಟ್ಟಿಗೆಗೆ ತೂತು ಯಾಕೆ?" ಎಂದು ಒಬ್ಬರು ಕೇಳಿದರು.

"ಮೈಯೆಲ್ಲಾ ಕಚ್ಚಿರುತ್ತೆ. ಊದಿಕೊಂಡಿರುತ್ತೆ. ಗಾಳಿ ಬೇಕಲ್ಲ" ಎಂದರು ಹೆಡ್‌ಮಾಸ್ಟರು. ಮೂವತ್ತು ವರ್ಷ ಪಾಠ ಮಾಡಿದವರು, ಯಾವ ಪ್ರಶ್ನೆಯನ್ನೂ ಬರಿಗೈಲಿ ಕಳಿಸುವವರಲ್ಲ.

ನಾನು ಕಿಟಕಿಯಿಂದ ಕೂಗಿದೆ, "ಭಾವನಿಗೆ ಏನೂ ಆಗಿಲ್ಲ ರೀ, ಇಲ್ಲೇ ಕೂತು ಫೋನಲ್ಲಿ ಮಾತಾಡ್ತಿದಾರೆ."

ಜನ ನನ್ನನ್ನು ನೋಡಿದರು. ಹೆಡ್‌ಮಾಸ್ಟರ ಕಣ್ಣು ಒದ್ದೆಯಾಯಿತು. "ಬಾಮೈದ ಕಣ್ರೀ. ಆಘಾತಕ್ಕೆ ಬುದ್ಧಿ ಕೆಟ್ಟಿದೆ. ಯಾರಾದ್ರೂ ಹೋಗಿ ಅವನನ್ನ ಹಿಡ್ಕೊಳ್ಳಿ" ಎಂದರು. ಯಾರೋ ಇಬ್ಬರು ಕಿಟಕಿಯ ಸರಳಿನೊಳಗಿಂದ ಕೈಹಾಕಿ ನನ್ನ ತೋಳು ಹಿಡಿದುಕೊಂಡು ಸಮಾಧಾನ ಮಾಡತೊಡಗಿದರು. ಅವರು ಬಿಡುವವರೆಗೆ ನಾನು ಅಲ್ಲಾಡಲಿಲ್ಲ.

ಒಳಗೆ ಭಾವನಿಗೆ ಇದೊಂದೂ ಗೊತ್ತಿಲ್ಲ. ಅಧ್ಯಕ್ಷರು ಮೇಜಿನ ಮೇಲೆ ಕೈಯೂರಿ, ಬಂಕಿನಲ್ಲಿ ಜೇನು ಇಲ್ಲ, ಎಲ್ಲಿದೆ ಹೇಳಿ ಎಂದು ಕೇಳುತ್ತಿದ್ದರು. ಭಾವ ಬಂಕಿಗೆ ಬಂದಿದೆ ಎಂಬ ಒಂದೇ ಮಾತಿಗೆ ಅಂಟಿಕೊಂಡಿದ್ದರು. ನಡುವೆ ಫೋನು ಬಡಿದುಕೊಂಡಿತು. ದೂರದ ನೆಂಟರು.

"ನಿಮ್ಮನೆ ಯಜಮಾನರು ಹೊರಟೋದ್ರಂತೆ?"

"ಹೊರಟದ್ದಕ್ಕೆ ಇಲ್ಲಿ ವಿಚಾರಣೆ ಇಲ್ಲ" ಎಂದು ಭಾವ ಇಟ್ಟುಬಿಟ್ಟರು.

ಅಷ್ಟು ಹೊತ್ತಿಗೆ ಭಾವನ ದೊಡ್ಡಕ್ಕ ಬಂದರು. ಪಕ್ಕದ ಬೀದಿಯವರು, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಭಾರಿ ಮೈಕಟ್ಟಿನ ಹೆಂಗಸು. ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಬಂದವರೇ ಪೆಟ್ಟಿಗೆಯ ಮೇಲೆ ಬಿದ್ದು ಗೋಳೋ ಎಂದರು. ಆ ಗೋಳು ಮನೆಯ ಹಿಂದಿನ ಓಣಿಗೂ, ಹೊಲಿಗೆ ಯಂತ್ರಗಳ ಸದ್ದನ್ನು ದಾಟಿ ಅಕ್ಕನ ಕಿವಿಗೂ ಮುಟ್ಟಿತು; ಬಂಕಿನ ಜಗಳದಲ್ಲಿ ಮುಳುಗಿದ್ದ ಭಾವನಿಗೂ ಅಧ್ಯಕ್ಷರಿಗೂ ಮಾತ್ರ ಮುಟ್ಟಲಿಲ್ಲ.

ಮನೆಯ ಪಕ್ಕದ ಸಂದಿಯಿಂದ ಅಕ್ಕ ಓಡಿ ಬಂದಳು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ. ಜನ ಸರಿದು ದಾರಿ ಬಿಟ್ಟರು. ಅವಳಿಗೆ ಪೆಟ್ಟಿಗೆ ಕಂಡಿತು, ಪೆಟ್ಟಿಗೆಯ ಮೇಲಿದ್ದ ದೊಡ್ಡಮ್ಮ ಕಂಡರು, ಕೈಮುಗಿದು ನಿಂತ ಹೆಡ್‌ಮಾಸ್ಟರು ಕಂಡರು. ನಾನು ಕೂಗಿದೆ. ನನ್ನನ್ನು ಹಿಡಿದಿದ್ದವರು ಬಾಯಿಗೂ ಕೈ ಅಡ್ಡ ಇಟ್ಟರು.

ಅವಳು ಅಳಲಿಲ್ಲ. ಬಾಯಿಂದ ಸೂಜಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು.

"ಬೆಳಿಗ್ಗೆ ಅಡಿಗೆಮನೆಗೆ ಬಂದಿದ್ರು. ಸುಮ್ಮನೆ ಇಣುಕಿದ್ರು ಅಷ್ಟೇ. ನಾನೇ ಅಟ್ಟಿದೆ" ಎಂದಳು.

ಸತ್ಯವಾಗಿ ಹೇಳುತ್ತೇನೆ, ಭಾವ ನನ್ನ ಬೆನ್ನ ಹಿಂದೆಯೇ ಜೀವಂತ ಕೂತಿದ್ದಾರೆಂದು ಗೊತ್ತಿದ್ದ ನಾನೂ ಒಂದು ಸಲ ತಿರುಗಿ ನೋಡಿ ಖಾತ್ರಿ ಮಾಡಿಕೊಂಡೆ.

ಆಗ ಸದ್ದು ಕೇಳಿಸಿತು. ಮೊದಲು ಯಾರದೋ ಮಿಕ್ಸಿ ಅಂದುಕೊಂಡೆವು. ಬಂಕಿನ ಕಡೆಯ ಮಾಳಿಗೆಗಳ ಮೇಲಿಂದ ಕಪ್ಪಗೆ ಏನೋ ಉರುಳಿಕೊಂಡು ಬಂತು. ಬೀದಿಯ ಬೆಳಕು ಮಂಕಾಯಿತು. ರಾಣಿಗೆ ಜೇನುಮೇಣದ ವಾಸನೆ ಸಿಕ್ಕಿತ್ತು. ಊರೆಲ್ಲ ಸುತ್ತಿ ದಣಿದವಳಿಗೆ ಹೊಚ್ಚ ಹೊಸ ಹಲಗೆಯ, ಆರಡಿ ಉದ್ದದ, ಒಳಗೆ ಯಾರೂ ಇಲ್ಲದ ಮನೆ ಕಂಡಿತ್ತು. ಇಡೀ ಹಿಂಡು ಗುಂಯ್ ಎಂದು ಪೆಟ್ಟಿಗೆಯ ಮೇಲೆ ಇಳಿಯಿತು.

ಮೊದಲು ಓಡಿದವರು ದೊಡ್ಡಮ್ಮ. ಅವರ ಹಿಂದೆ ಬೀದಿಗೆ ಬೀದಿಯೇ ನಮ್ಮ ಗಿಡ್ಡ ಬಾಗಿಲಿನಲ್ಲಿ ತಲೆ ತಗ್ಗಿಸದೆ ನುಗ್ಗಿತು. ಹಣೆ ಚಚ್ಚಿಕೊಂಡವರು ಹಣೆ ಹಿಡಿದುಕೊಂಡೇ ಮುಂದಿನ ಕೋಣೆಗೆ ಬಂದರು. ಬಂದು ನೋಡಿದರೆ ಮೇಜಿನ ಹಿಂದೆ ಸತ್ತವರು ಕೂತಿದ್ದಾರೆ.

ಹೊರಗೆ ಜೇನು, ಒಳಗೆ ಭಾವ. ಜನ ಬಾಗಿಲಿಗೂ ಮೇಜಿಗೂ ನಡುವೆ ಗೋಡೆಗೆ ಅಂಟಿಕೊಂಡರು. ದೊಡ್ಡಮ್ಮ ನನ್ನ ಉಳುಕಿದ ಕಾಲಿನ ಮೇಲೆ ಕೂತುಬಿಟ್ಟರು. ಹೆಡ್‌ಮಾಸ್ಟರ ಎರಡೂ ಕೈ ತಾವಾಗಿ ಜೋಡಿಕೊಂಡವು. "ನೀವು... ಬಂದ್ರಾ?" ಎಂದರು.

ಭಾವ ತಲೆ ಎತ್ತಿ ಅಷ್ಟೂ ಜನರನ್ನು ನೋಡಿದರು. ಇಷ್ಟು ದೊಡ್ಡ ಗುಂಪು ಬಂದು ಮುಂದೆ ನಿಂತರೆ ಅವರಿಗೆ ಬರುವುದು ಒಂದೇ ಮಾತು.

"ಸರದಿಯಲ್ಲಿ ಬನ್ನಿ" ಎಂದರು.

ಆ ದನಿ ಹೊರಗೆ ಮೆಟ್ಟಿಲ ಮೇಲಿದ್ದ ಅಕ್ಕನಿಗೆ ಕೇಳಿಸಿತು. ಅವಳೊಬ್ಬಳು ಕೂತಲ್ಲಿಂದ ಎದ್ದಿರಲಿಲ್ಲ. ಹುಳುಗಳು ಅವಳ ತಲೆಯ ಸುತ್ತ, ತೋಳಿನ ಸುತ್ತ ಹಾರಾಡುತ್ತಿದ್ದವು. ಅವಳು ಟೇಪಿನ ತುದಿಯಿಂದ ಮುಖ ಒರೆಸಿಕೊಂಡಳು. ಆಮೇಲೆ ಕುತ್ತಿಗೆ ತಿರುಗಿಸಿ ಬಾಗಿಲನ್ನು ನೋಡಿದ ನೋಟವಿದೆಯಲ್ಲ, ಅದನ್ನು ಕಂಡ ಮೇಲೆ ನನಗೆ ಹೊರಗಿನ ಹುಳುಗಳೇ ಸಾಧು ಎನಿಸಿತು.

ಬೇಕರಿಯವರು, ಹಲ್ಲಿನ ಡಾಕ್ಟರು ಏದುಸಿರು ಬಿಡುತ್ತಾ ಬಂದದ್ದು ಆಗಲೇ. ಕ್ಷೌರದ ಅಂಗಡಿಯಿಂದ ಶಾಲೆಗೆ, ಶಾಲೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಬಂಕಿಗೆ ಖಾಲಿ ಪೆಟ್ಟಿಗೆ ಹೊತ್ತು ಓಡಿದ್ದರು. ರೊಟ್ಟಿ ಸೀದು ಇದ್ದಿಲಾಗಿತ್ತು. ಡಾಕ್ಟರು ಒಬ್ಬ ರೋಗಿಯನ್ನು ಬಾಯಿ ತೆರೆಸಿ ಕೂರಿಸಿಯೇ ಬಂದಿದ್ದರು, ಮುಚ್ಚಲು ಹೇಳುವುದು ಮರೆತುಹೋಗಿತ್ತಂತೆ.

"ಹಿಂಡು ಒಂದೇ ಕಣ್ರೀ" ಎಂದರು ಬೇಕರಿಯವರು. "ಬೆಳಿಗ್ಗೆಯಿಂದ ಊರಲ್ಲಿ ಇರೋದು ಒಂದೇ ಹಿಂಡು. ಇವರು ಅದನ್ನ ನಾಲ್ಕು ಮಾಡಿದ್ರು."

"ನಾಲ್ಕು ಸಲ ಬಂದಿದೆ" ಎಂದರು ಭಾವ ಒಳಗಿಂದ.

"ಹೊರಗೆ ಬಂದು ನೋಡ್ರೀ."

ಆರಂಭದಿಂದ ಅಂದಿನವರೆಗೆ ಭಾವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವರು ಎದ್ದರು, ಅಂಗಿ ಸರಿಮಾಡಿಕೊಂಡು, ಜನರನ್ನು ಸರಿಸಿ ಹೊಸ್ತಿಲಿಗೆ ಬಂದರು. ಪೆಟ್ಟಿಗೆಯ ತುದಿಯಲ್ಲಿ ಸಾವಿರಾರು ಹುಳುಗಳು ಒಂದರ ಮೇಲೊಂದು ತೆವಳುತ್ತಾ ತೂತುಗಳೊಳಗೆ ಇಳಿಯುತ್ತಿದ್ದವು. ಭಾವನ ಮುಖದ ರಕ್ತ ಎಲ್ಲಿಗೆ ಹೋಯಿತೋ. ಒಂದು ಹುಳು ಹೊಸ್ತಿಲ ಕಡೆ ಬಂದದ್ದೇ ತಡ, ಒಳಗೆ ಹಾರಿ ಬಾಗಿಲಿಗೆ ಅಗುಳಿ ಹಾಕಿ, ಮೇಜಿನ ಕೆಳಗೆ ಹೋಗಿ ಕೂತರು. ಎಷ್ಟು ಕರೆದರೂ ಬರಲಿಲ್ಲ. ಜೇನು ನಿಯಂತ್ರಣಾಧಿಕಾರಿಯ ಪಾದಗಳನ್ನಷ್ಟೇ ನೋಡಿಕೊಂಡು ಇಡೀ ಬೀದಿ ನಿಂತಿತು.

ತೀರ್ಪು ಹಿಂದಿನ ಬಾಗಿಲಿನಿಂದ ಮುಂಬದಿಗೆ ಬಳಸಿ ಬಂದ ಅಧ್ಯಕ್ಷರದ್ದು. ಫೋನು ಹೆಡ್‌ಮಾಸ್ಟರಿಗೆ ಎಂದರು. ಆದರೆ ಪೆಟ್ಟಿಗೆಯೊಳಗಿನ ಹಿಂಡು ಯಾರಿಗೆ ಎಂಬ ಮಾತು ಬಂದಾಗ ಜಗಳ ಹತ್ತಿಕೊಂಡಿತು. ಸರದಿ ನನ್ನದು ಎಂದರು ಬೇಕರಿಯವರು. ಟ್ಯಾಂಕಿನ ಮೇಲೆ ಕೂತದ್ದಕ್ಕೆ ನನಗೇ ಸಲ್ಲಬೇಕು ಎಂದರು ಡಾಕ್ಟರು. ಪೆಟ್ಟಿಗೆ ಯಾರದ್ದು ಎಂದು ಅಧ್ಯಕ್ಷರು ಕೇಳಿದರು.

"ಜೇನು ತಾನಾಗಿ ಯಾರ ಮನೆ ಬಾಗಿಲಿಗೆ ಬಂದು ಮನೆ ಮಾಡ್ತದೋ, ಅದು ಅವರದ್ದು ಅಂತ ನಿಮ್ಮ ಸಂಘದಲ್ಲೇ ಇದೆಯಲ್ಲ" ಎಂದಳು ಅಕ್ಕ ಮೆಟ್ಟಿಲಿನಿಂದ.

ಇತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅಧ್ಯಕ್ಷರು ದನಿ ತಗ್ಗಿಸಿದರು. "ನೋಡಿ ತಾಯಿ, ಒಳ್ಳೇ ಹಿಂಡು, ಇಂಥದ್ದು ಸಿಗೋದು ಕಷ್ಟ. ನಮಗೆ ಬಿಟ್ಟುಕೊಡಿ. ಫೋನು ಯಜಮಾನರ ಹತ್ರಾನೇ ಇರಲಿ."

ನಾನು ಅಬ್ಬಾ ಎಂದು ಉಸಿರುಬಿಟ್ಟೆ. ಅವಳಿಗೆ ಬೇಕಾಗಿದ್ದದ್ದು ಅದೇ. ಅದೇ ಫೋನಿಗಾಗಿ ತಾನೇ ಅವಳು ಇಷ್ಟು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದದ್ದು. ಅಕ್ಕ ಪೆಟ್ಟಿಗೆಯನ್ನು ನೋಡಿದಳು. ಅಗುಳಿ ಹಾಕಿದ ಬಾಗಿಲನ್ನು ನೋಡಿದಳು.

"ಫೋನು ತಗೊಂಡು ಹೋಗಿ. ಪೆಟ್ಟಿಗೆ ಇಲ್ಲೇ ಇರಲಿ" ಎಂದಳು.

ಆಘಾತಕ್ಕೆ ಬುದ್ಧಿ ಕೆಟ್ಟಿರುವುದು ನನಗಲ್ಲ, ಅಕ್ಕನಿಗೆ ಎಂದುಕೊಂಡೆ. ಹೆಡ್‌ಮಾಸ್ಟರು ಫೋನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮನೆಗೆ ಹೋದರು. ಹೊರಗಿದ್ದ ಹುಳುಗಳೆಲ್ಲ ಒಳಸೇರಲೆಂದು ಮುಸ್ಸಂಜೆಯವರೆಗೆ ಕಾದು, ಮೂವರೂ ಸೇರಿ ಪೆಟ್ಟಿಗೆ ಹೊತ್ತರು. ಅಕ್ಕ ಹೇಳಿದ ಕಡೆ ಇಟ್ಟರು. ಅಡಿಗೆಮನೆಗೂ ಹೊಲಿಗೆಯ ಕೋಣೆಗೂ ನಡುವೆ ಒಂದು ತೆರೆದ ಅಂಗಳವಿದೆ. ತೂತುಗಳು ನೇರ ಅಡಿಗೆಮನೆಯ ಹಿಂಬಾಗಿಲಿಗೆ ಮುಖಮಾಡುವ ಹಾಗೆ ಇಡಿಸಿದಳು.

ಮರುದಿನ ಬೆಳಿಗ್ಗೆ ಭಾವನಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಎದ್ದರು. ಅಡಿಗೆಮನೆಯನ್ನು ಹಾದು ಹೊಲಿಗೆಯ ಕೋಣೆಯ ಕಡೆ ಹೊರಟರು. ಹಿಂಬಾಗಿಲು ತೆರೆದರು. ಮುಚ್ಚಿದರು. ಮುಂದಿನ ಕೋಣೆಗೆ ಬಂದು ನನ್ನ ಎದುರು ಕೂತರು. ಹೆಂಗಸರು ಹಿಂದಿನ ಓಣಿಯ ಬಾಗಿಲಿನಿಂದ ಬಂದರು, ಯಂತ್ರಗಳು ಸಂಜೆಯವರೆಗೆ ಓಡಿದವು. ಅವತ್ತಿನಿಂದ ಭಾವ ಆ ಅಂಗಳ ದಾಟಿಲ್ಲ.

ಆದರೆ ಹೊಸದೊಂದು ಶುರುವಾಯಿತು. ಹೊಲಿಗೆಯ ನಡುವೆ ಆಗಾಗ ಯಂತ್ರವೊಂದು ನಿಲ್ಲುತ್ತಿತ್ತು. ಅಂಗಳದಾಚೆಯಿಂದ ಅಕ್ಕನ ದನಿ ಬರುತ್ತಿತ್ತು.

"ರೀ, ಇದ್ದೀರಾ?"

"ಇದ್ದೀನಿ" ಎನ್ನುತ್ತಿದ್ದರು ಭಾವ. ಯಂತ್ರ ಮತ್ತೆ ಓಡುತ್ತಿತ್ತು. ಮೊದಮೊದಲು ಅವರಿಗೆ ಸಿಟ್ಟು ಬರುತ್ತಿತ್ತು, ಆಮೇಲೆ ಅವಳು ಕರೆಯುವ ಹೊತ್ತಿಗೆ ಗಂಟಲು ಸರಿಮಾಡಿಕೊಂಡು ಕೂರತೊಡಗಿದರು.

ನನ್ನ ಕಾಲು ವಾಸಿಯಾಗಿ ನಾನು ಹೊರಡಬೇಕಿದ್ದ ದಿನ ಮಧ್ಯಾಹ್ನ ಅಕ್ಕ ಕರೆದಳು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದಳು. ಭಾವ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ನಾನು ಹೇಳೋಣವೆಂದು ಏಳುವಷ್ಟರಲ್ಲಿ ಅಂಗಳದಲ್ಲಿ ಏನೋ ಉರುಳಿದ ಸದ್ದಾಯಿತು. ಅಕ್ಕ ಓಣಿಯ ಕಡೆಯಿಂದ ಬಳಸಿ ಬರಲಿಲ್ಲ. ಪೆಟ್ಟಿಗೆಯ ಮುಂದೆಯೇ, ಹುಳುಗಳ ನಡುವೆಯೇ ಓಡಿ ಬಂದಿದ್ದಳು. ಬಂದು ಭಾವನ ಭುಜ ಹಿಡಿದು ಅಲ್ಲಾಡಿಸಿದಳು. ಅವರು ಕಣ್ಣು ಬಿಟ್ಟರು. ಅವಳ ಒಂದು ಕೆನ್ನೆ ನೋಡನೋಡುತ್ತಿದ್ದಂತೆಯೇ ಊದುತ್ತಿತ್ತು.

"ಅಯ್ಯೋ, ಕಚ್ಚಿತೇನೇ?" ಎಂದರು ಭಾವ.

"ಇದ್ದೀನಿ ಅನ್ನೋಕೆ ನಿಮಗೇನಾಗಿತ್ತು" ಎಂದು ಬೈದಳು ಅಕ್ಕ. ಅವರ ಪಕ್ಕದಲ್ಲೇ ಕೂತಳು. ಆ ದಿನ ಮತ್ತೆ ಹೊಲಿಯಲು ಹೋಗಲಿಲ್ಲ.